ಹಟ್ಟಿಯಲ್ಲಿಲ್ಲದ ದನದ ಸಾಲ



ಶಂಕರನಾರಾಯಣದ ಹತ್ತಿರದ ಒಂದು ಸ್ವಸಹಾಯ ಸಂಘದ ವಾರದ ಸಭೆಗೆ ನಾನು ಹೋಗುತ್ತಿರುತ್ತೇನೆ. ಕಾಲೇಜಿನ ಕೆಲಸದಿಂದ ನಿವೃತ್ತಳಾದ ಮೇಲೆ ಅಲ್ಲಿನ ಲೆಕ್ಕಪುಸ್ತಕ ನೋಡಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಎರಡು ವರ್ಷದ ಹಿಂದೆ ಅಲ್ಲಿ ಸದಸ್ಯೆಯೊಬ್ಬರು ಸಾಲಕ್ಕೆ ಅರ್ಜಿ ಕೊಟ್ಟರು. ಉದ್ದೇಶ ಎಂಬಲ್ಲಿ ‘ದನ ಕೊಳ್ಳಲು’ ಎಂದು ಬರೆದಿತ್ತು. ಆ ಹಣ ಮಗಳ ಮದುವೆಯ ಚಿನ್ನಕ್ಕೆ ಎಂಬುದು ಜಗಲಿಯಲ್ಲಿ ಕುಳಿತ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಸಹಿ ಹಾಕಿದರು. ಬಡ್ಡಿಯ ಲೆಕ್ಕ ಸರಿಯಾಗಿದೆ ಎಂದು ನಾನು ಪುಸ್ತಕ ಮುಚ್ಚಿದೆ.

ಮದುವೆಯಾಗಿ ವರ್ಷ ತುಂಬುವುದರೊಳಗೆ ಆ ಹುಡುಗಿ ತಾಯಿಗೆ ಗುಟ್ಟಾಗಿ ಫೋನು ಮಾಡತೊಡಗಿದಳು. ತಂದ ಚಿನ್ನ ಕಡಿಮೆಯಾಯಿತಂತೆ. ಮೊದಲು ಮಾತು, ಮತ್ತೆ ಕೈ. ಮನೆಗೆ ಬಂದುಬಿಡುತ್ತೇನೆ ಎಂದು ಅವಳು ಅತ್ತಾಗ ತಾಯಿ ಕೊಟ್ಟ ಉತ್ತರವನ್ನು ಅವರೇ ನನ್ನ ಹತ್ತಿರ ಹೇಳಿದರು: “ಸಾಲ ಒಂದ್ ಮುಗೀಲಿ ಮಗಾ, ಅಲ್ಲಿವರಿಗೆ ತಡ್ಕೊ.” ಹೇಳಿ ಅವರೂ ಅತ್ತರು. ಹಟ್ಟಿಯಲ್ಲಿಲ್ಲದ ಆ ದನಕ್ಕೆ ಅವರು ಪ್ರತಿ ವಾರ ಕಂತು ಕಟ್ಟುತ್ತಿದ್ದರು. ಮಗಳು ಆ ದನದ ಹಗ್ಗದಲ್ಲಿ ಅಲ್ಲಿ ಕಟ್ಟಿಬಿದ್ದಿದ್ದಳು.

ಇದನ್ನು ಒಬ್ಬ ತಾಯಿಯ ಕಲ್ಲುಮನಸ್ಸಿನ ಕಥೆ ಎಂದು ಓದಬೇಡಿ. ವರದಕ್ಷಿಣೆಯ ಬಗ್ಗೆ ಮಾತಾಡುವಾಗ ನಾವು ದುರಾಸೆಯ ಗಂಡು, ಕೆಟ್ಟ ಅತ್ತೆ ಎಂದು ಆರಂಭಿಸಿ ಅಲ್ಲಿಗೇ ನಿಲ್ಲಿಸುತ್ತೇವೆ. ಅವರು ಇಲ್ಲವೆಂದಲ್ಲ. ಆದರೆ ಆ ತಾಯಿಗೆ ಸಾಲವಲ್ಲದೆ ಬೇರೆ ದಾರಿ ಯಾಕಿರಲಿಲ್ಲ? ಆ ಹುಡುಗಿಗೆ ಬಂದು ನಿಲ್ಲಲು ಒಂದು ಸೂರು, ಒಂದು ಕೆಲಸ, ಒಂದು ತುಂಡು ಭೂಮಿ ಯಾಕಿರಲಿಲ್ಲ? ಈ ಪ್ರಶ್ನೆ ಕೇಳಿದರೆ ನಾವು ಬಂದು ನಿಲ್ಲುವುದು ಸಮಾಜದ ಏಣಿಯ ಮುಂದೆ. ಯಾರು ಯಾವ ಮೆಟ್ಟಿಲಿನಲ್ಲಿ ಹುಟ್ಟಿದರು, ಆ ಮೆಟ್ಟಿಲಿನಿಂದ ಯಾವ ಬಾಗಿಲು ಕೈಗೆಟಕುತ್ತದೆ ಎಂಬುದೇ ವರ್ಗದ ಪ್ರಶ್ನೆ. ವರ್ಷಗಟ್ಟಲೆ ತರಗತಿಯಲ್ಲಿ ‘ಸಾಮಾಜಿಕ ಶ್ರೇಣೀಕರಣ’ ಎಂದು ನಾನು ಬರೆಸಿದ್ದು ಇದನ್ನೇ. ಬರೆಸುವಾಗ ನಮ್ಮ ಊರಿನ ಗದ್ದೆಯನ್ನು ನಾನು ಸಾಕಷ್ಟು ನೋಡಿರಲಿಲ್ಲ.

ಗದ್ದೆಯ ಏಣಿ

ನಮ್ಮ ಅಜ್ಜ-ಅಜ್ಜಿಯರ ಕಾಲದ ಕರಾವಳಿಯನ್ನು ನೆನಪು ಮಾಡಿಕೊಳ್ಳೋಣ. ಎಲ್ಲರ ಮೇಲೆ ಭೂಮಿಯ ಧಣಿ. ಅವರ ಕೆಳಗೆ ಮೂಲಗೇಣಿಯವರು. ಅವರ ಗೇಣಿ ನಿಗದಿಯಾಗಿತ್ತು, ಒಕ್ಕಲುತನ ತಲೆಮಾರಿನಿಂದ ತಲೆಮಾರಿಗೆ ನಡೆಯುತ್ತಿತ್ತು. ಅವರ ಕೆಳಗೆ ಚಾಲಗೇಣಿಯವರು. ಧಣಿ ಏಳು ಎಂದರೆ ಏಳಬೇಕು. ಎಲ್ಲರಿಗಿಂತ ಕೆಳಗೆ ಗೇಣಿಯ ಚೀಟಿಯೂ ಇಲ್ಲದ ಆಳುಗಳು. ಯಾರ ಮಕ್ಕಳು ಶಾಲೆಗೆ ಹೋಗಬೇಕು, ಯಾರ ಮಕ್ಕಳು ದನ ಕಾಯಬೇಕು, ಯಾರು ಜಗಲಿ ಹತ್ತಬಹುದು, ಯಾರು ಅಂಗಳದ ತುದಿಯಲ್ಲಿ ನಿಲ್ಲಬೇಕು ಎಂಬುದೆಲ್ಲ ಈ ಮೆಟ್ಟಿಲಿನ ಲೆಕ್ಕದಲ್ಲೇ ತೀರ್ಮಾನವಾಗುತ್ತಿತ್ತು. ಜಾತಿ ಮತ್ತು ವರ್ಗ ಒಂದೇ ಹಗ್ಗದ ಎರಡು ಎಳೆಗಳಾಗಿದ್ದವು.

ಈ ಏಣಿಯನ್ನು ಅಲುಗಾಡಿಸಿದ ದೊಡ್ಡ ಕಾನೂನು ಭೂಸುಧಾರಣೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಬಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿ ಪದ್ಧತಿ ರದ್ದಾಯಿತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಅಲ್ಲಿಂದ ಒಕ್ಕಲುಗಳಿಗೆ ಹೋಗಬೇಕಾಯಿತು. ಆಗ ದಕ್ಷಿಣ ಕನ್ನಡಕ್ಕೇ ಸೇರಿದ್ದ ನಮ್ಮ ಕುಂದಾಪುರದಲ್ಲಿ ಗೇಣಿ ಗದ್ದೆಗಳೇ ಹೆಚ್ಚು. ಹಾಗಾಗಿ ‘ಡಿಕ್ಲರೇಶನ್ ಕೊಡುವುದು’ ಎಂಬ ಮಾತು ಮನೆಮನೆಯ ಮಾತಾಯಿತು. 1979ರ ಜೂನ್ 30 ಕೊನೆಯ ದಿನ. ನಾನಾಗ ಶಾಲೆ, ಕಾಲೇಜು ಓದುತ್ತಿದ್ದ ಹುಡುಗಿ. ಭೂನ್ಯಾಯ ಮಂಡಳಿಯ ದಿನ ಬಿಳಿ ಪಂಚೆಯುಟ್ಟು ಕಾಗದದ ಕಟ್ಟು ಹಿಡಿದು ಬಸ್ಸಿಗೆ ಕಾಯುತ್ತಿದ್ದ ಗಂಡಸರ ಸಾಲು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಕಾನೂನಿನಿಂದ ಆದ ಒಳ್ಳೆಯದು ಸಣ್ಣದಲ್ಲ. ನನ್ನ ತರಗತಿಗಳಲ್ಲಿ ಕುಳಿತ ಎಷ್ಟೋ ಮಕ್ಕಳು ಚಾಲಗೇಣಿಯವರ ಮೊಮ್ಮಕ್ಕಳು. ಅವರ ಅಜ್ಜನಿಗೆ ಭೂಮಿ ಬಾರದೇ ಹೋಗಿದ್ದರೆ ಅವರು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಎರಡು ಸಂಗತಿಗಳನ್ನು ನಾವು ಮರೆಯಬಾರದು.

ಮೊದಲನೆಯದು, ಆಳುಗಳ ಪಾಲು. ಗೇಣಿಯ ಚೀಟಿ ಇಲ್ಲದವರಿಗೆ ಗದ್ದೆ ಸಿಗಲಿಲ್ಲ. ಬಹುಮಂದಿಗೆ ದಕ್ಕಿದ್ದು ಮನೆಯ ಅಡಿಯಷ್ಟು ಜಾಗ. ‘ಐದು ಸೆಂಟ್ಸ್ ಕಾಲನಿ’ ಎಂಬ ಹೆಸರಿನಲ್ಲೇ ಆ ಕಥೆಯಿದೆ.

ಎರಡನೆಯದು, ಹೆಂಗಸರ ಪಾಲು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ನಮಗೆಲ್ಲ ಬಾಯಿಪಾಠ. ಉಳುವವ-ನೇ! ನಮ್ಮಲ್ಲಿ ನೇಗಿಲು ಹಿಡಿದವನು ಗಂಡಸು. ನೇಜಿ ಕಿತ್ತವಳು, ಮಳೆಯಲ್ಲಿ ಬೆನ್ನು ಬಾಗಿಸಿ ನಟ್ಟಿ ಮಾಡಿದವಳು, ಕಳೆ ತೆಗೆದವಳು, ಕೊಯ್ದವಳು, ಹೊರೆ ಹೊತ್ತವಳು, ಸೊಪ್ಪು ತಂದು ಗೊಬ್ಬರ ಮಾಡಿದವಳು ಹೆಂಗಸು. ಆದರೆ ಡಿಕ್ಲರೇಶನ್ ಹೆಚ್ಚಾಗಿ ಹೋದದ್ದು ಯಜಮಾನನ ಹೆಸರಿನಲ್ಲಿ, ಪಹಣಿಯಲ್ಲಿ ಕುಳಿತದ್ದೂ ಆ ಹೆಸರೇ. ಒಂದು ಮನೆ ಏಣಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಯಿತು. ಆ ಮನೆಯ ಮಗಳು ಇದ್ದಲ್ಲೇ ಉಳಿದಳು.

ಅಳಿಯಕಟ್ಟಿನ ನೆನಪು

ನಮ್ಮ ಕರಾವಳಿಯಲ್ಲಿ ಇದು ಹೀಗೇ ಇರಬೇಕಾಗಿರಲಿಲ್ಲ. ಬಂಟರು, ಬಿಲ್ಲವರು, ಮೊಗವೀರರು ಮುಂತಾದ ಸಮುದಾಯಗಳಲ್ಲಿ ಅಳಿಯಕಟ್ಟು ಇತ್ತು. ಅಲ್ಲಿ ಕುಟುಂಬದ ಬಳ್ಳಿ ಹಬ್ಬುವುದು ತಾಯಿಯ ಕಡೆಯಿಂದ. ಮಗಳು ಹುಟ್ಟಿದ ಮನೆಗೆ ಹೊರೆಯಲ್ಲ, ಆ ಮನೆ ಮುಂದುವರಿಯುವುದೇ ಅವಳಿಂದ. ಗಂಡನ ಮನೆಯಲ್ಲಿ ಸರಿಬಾರದಿದ್ದರೆ ಅವಳು ವಾಪಸು ಬರುವುದು ಅಣ್ಣನ ದಯೆಯಿಂದಲ್ಲ, ತನ್ನ ಹಕ್ಕಿನಿಂದ. ಅದು ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಬೀಗದ ಕೈ ಇದ್ದದ್ದು ಸೋದರಮಾವನ ಸೊಂಟದಲ್ಲಿ, ಮಾತು ನಡೆಯುತ್ತಿದ್ದದ್ದೂ ಅವನದೇ. ಮಕ್ಕಳಕಟ್ಟಿನ ಮನೆಗಳಲ್ಲಿ ಹೆಂಗಸಿಗೆ ಅಷ್ಟೂ ಇರಲಿಲ್ಲ. ಆದರೂ ವಾಪಸು ಬರಲು ಒಂದು ಬಾಗಿಲು ಇತ್ತೆಂಬುದು ಸಣ್ಣ ಮಾತೇ?

ಆ ಬಾಗಿಲು ನಿಧಾನವಾಗಿ ಮುಚ್ಚಿತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ದೊಡ್ಡ ಮನೆಗಳು ಒಡೆದವು. ಗಂಡ, ಹೆಂಡತಿ, ಮಕ್ಕಳ ಸಣ್ಣ ಮನೆಗಳು ಎದ್ದವು. ಗಂಡಸರು ಮುಂಬಯಿಯ, ಬೆಂಗಳೂರಿನ ಹೋಟೆಲುಗಳಿಗೆ, ಬ್ಯಾಂಕುಗಳಿಗೆ, ಮುಂದೆ ಗಲ್ಫಿಗೆ ಹೋಗಿ ಹಣ ಕಂಡರು. ಹೆಣ್ಣಿನ ಕಡೆಯಿಂದ ಬಳ್ಳಿ ಹಬ್ಬಿದ ಸಮುದಾಯಗಳಲ್ಲೇ ಇಂದು ಹೆಣ್ಣು ಹೆತ್ತವರು ಚಿನ್ನದ ಲೆಕ್ಕ ಹಾಕುತ್ತಾರೆ. ವರದಕ್ಷಿಣೆ ನಮ್ಮ ಸಂಪ್ರದಾಯ ಎನ್ನುವವರಿಗೆ ಕರಾವಳಿಯ ಚರಿತ್ರೆಯೇ ಉತ್ತರ.

ಮೆಟ್ಟಿಲಿನ ಸುಂಕ

ಹಾಗಾದರೆ ಈ ವರದಕ್ಷಿಣೆ ಯಾತಕ್ಕೆ ಕೊಡುವ ಹಣ? ನನಗೆ ಕಾಣುವುದು ಇಷ್ಟು: ಇದು ಮೆಟ್ಟಿಲಿನ ಸುಂಕ. ಮಗಳಿಗೆ ತನ್ನದೆಂದು ಭೂಮಿಯಿಲ್ಲ, ಕೈಯಲ್ಲಿ ಭದ್ರವಾದ ಕೆಲಸವಿಲ್ಲ. ಅವಳ ಬದುಕು ಮೇಲೇರಲು ಇರುವುದು ಒಂದೇ ದಾರಿ, ಮೇಲಿನ ಮೆಟ್ಟಿಲಿನ ಗಂಡು. ಆ ಮೆಟ್ಟಿಲಿಗೊಂದು ದರ. ಊರಲ್ಲೇ ಇರುವ ಗಂಡಿಗೊಂದು, ಹೋಟೆಲು ಇರುವವನಿಗೊಂದು, ಸರ್ಕಾರಿ ನೌಕರಿಯವನಿಗೊಂದು, ಹೊರದೇಶದಲ್ಲಿರುವವನಿಗೊಂದು. ಬಾಯಿಬಿಟ್ಟು ಕೇಳಿದರೆ ಕಾನೂನಿನ ಭಯ. ಅದಕ್ಕಾಗಿ “ನಮ್ಗೆಂತದೂ ಬ್ಯಾಡ, ನಿಮ್ಮ್ ಮಗ್ಳಿಗ್ ನೀವ್ ಹಾಕಿ” ಎನ್ನುತ್ತಾರೆ. ಆ ಮಾತಿನ ಅರ್ಥ ಎರಡೂ ಕಡೆಯವರಿಗೆ ತಿಳಿದಿರುತ್ತದೆ.

ಓದು ಇದಕ್ಕೆ ಮದ್ದಾದೀತೆಂದು ನಾನು ನಂಬಿದ್ದೆ. ನನ್ನದೇ ಕಥೆ ಕೇಳಿ. ನಾನು ಎಂ.ಎ. ಮುಗಿಸಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನನ್ನ ತಂದೆ. ಆರು ತಿಂಗಳಿಗೆ ಅವರೇ ತಲೆಗೆ ಕೈಹೊತ್ತು ಕುಳಿತರು. ಎಂ.ಎ. ಓದಿದವಳಿಗೆ ಅದಕ್ಕಿಂತ ಮೇಲಿನ ಗಂಡು ಬೇಕು, ಮೇಲಿನ ಗಂಡಿಗೆ ಮೇಲಿನ ದರ. ಕೊನೆಗೆ ಒಂದು ಗದ್ದೆ ಮಾರಿದರು. ನಾನು ಬೇಡವೆನ್ನಲಿಲ್ಲ. ವರದಕ್ಷಿಣೆಯ ವಿರುದ್ಧ ಮಕ್ಕಳಿಗೆ ಪ್ರಬಂಧ ಬರೆಸಿದ ನಾನು ಆ ಗದ್ದೆಯನ್ನು ಮೈಮೇಲೆ ಹಾಕಿಕೊಂಡೇ ಮೊದಲ ದಿನ ಕಾಲೇಜಿಗೆ ಹೋದವಳು. ಇದನ್ನು ಹೇಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಸುಂಕ ಎಲ್ಲ ಮೆಟ್ಟಿಲಿನಲ್ಲೂ ಇದೆ, ಆದರೆ ಭಾರ ಒಂದೇ ಅಲ್ಲ. ಮೇಲಿನವರಿಗೆ ಅದು ಕಪಾಟಿನಿಂದ ತೆಗೆದುಕೊಡುವ ಹಣ. ನಡುವಿನವರಿಗೆ ಒಂದು ಗದ್ದೆ. ಕೆಳಗಿನವರಿಗೆ ಹತ್ತು ವರ್ಷದ ಸಾಲ. ಬೀಡಿ ಸುತ್ತಿ ಬ್ರಾಂಚಿಗೆ ಕೊಟ್ಟ ಕೂಲಿ, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿದು ಕೈ ಕಪ್ಪಾದ ಕೂಲಿ, ಎಲ್ಲ ಅಕ್ಕಸಾಲಿಗನ ಅಂಗಡಿಗೆ. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣವನ್ನು ಒಂದು ವರ್ಷ ಮುಟ್ಟದೆ ಇಟ್ಟರೂ ಇವತ್ತಿನ ದರದಲ್ಲಿ ಒಂದು ಪವನು ಚಿನ್ನ ಬರುವುದಿಲ್ಲ. ಆ ಹಣ ಮಗಳ ನರ್ಸಿಂಗ್ ಓದಿಗೆ, ಹೊಲಿಗೆ ಯಂತ್ರಕ್ಕೆ ಹೋಗಬಹುದಿತ್ತು. ಮಗಳನ್ನು ಮೇಲೆತ್ತಬೇಕೆಂದು ಕೊಟ್ಟ ಹಣ ಅವಳು ತಾನೇ ಮೇಲೇಳುವ ದಾರಿಯನ್ನೇ ನುಂಗಿತು.

ಅಂಬೇಡ್ಕರರು 1916ರಲ್ಲೇ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಭಾರತದ ಜಾತಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಜಾತಿಯ ಗೋಡೆ ನಿಂತಿರುವುದು ಮದುವೆಯ ಕಟ್ಟುಪಾಡಿನ ಮೇಲೆ, ಆ ಕಟ್ಟುಪಾಡು ಉಳಿಯುವುದು ಹೆಣ್ಣಿನ ಮೇಲಿನ ಹಿಡಿತದಿಂದ ಎಂದು. ವರ್ಗದ ಏಣಿಗೂ ಈ ಮಾತು ಸಲ್ಲುತ್ತದೆ. ಮದುವೆಯ ಚಪ್ಪರದಲ್ಲಿ ನಾವು ಏಣಿಯನ್ನು ಪ್ರತಿಸಲವೂ ಹೊಸದಾಗಿ ನಿಲ್ಲಿಸುತ್ತೇವೆ.

ಹೊಡೆತ ಮತ್ತು ಬಾಗಿಲು

ಹೊಡೆತ ಎಲ್ಲ ಮನೆಯಲ್ಲೂ ಇದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದಲ್ಲಿ ವರದಕ್ಷಿಣೆಯ ಸಾವೆಂದು ದಾಖಲಾದವು 2022ರ ಒಂದೇ ವರ್ಷದಲ್ಲಿ ಆರು ಸಾವಿರಕ್ಕೂ ಹೆಚ್ಚು. ಬಂಗಲೆಯಲ್ಲೂ ಹೊಡೆಯುತ್ತಾರೆ, ಕಾಲನಿಯಲ್ಲೂ ಹೊಡೆಯುತ್ತಾರೆ. ಹೊಡೆತಕ್ಕೆ ವರ್ಗವಿಲ್ಲ, ಹೊರಗೆ ಬರುವ ಬಾಗಿಲಿಗೆ ವರ್ಗವಿದೆ. ಬ್ಯಾಂಕಿನಲ್ಲಿ ಸ್ವಂತ ಹಣವಿದ್ದವಳು ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು. ನಡುವಿನವಳನ್ನು ಮನೆತನದ ಮಾನ ತಡೆಯುತ್ತದೆ. ಐದು ಸೆಂಟ್ಸ್‌ನಲ್ಲಿ ಆರು ಜನ ಮಲಗುವ ಮನೆಯ ಮಗಳು ಎಲ್ಲಿಗೆ ಬರಬೇಕು? ದೂರು ಕೊಡಲು ಕುಂದಾಪುರಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು. ಕಚೇರಿಯಲ್ಲಿ ಯಾರಿಗೆ ಕುರ್ಚಿ ಕೊಡುತ್ತಾರೆ, ಯಾರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾರೆ ಎಂಬುದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಕಹಿ ಮಾತು. ಈ ಏಣಿ ನಮ್ಮ ಸಂಘಗಳ ಒಳಗೂ ಇದೆ. ಸಭೆ ಯಾರ ಜಗಲಿಯಲ್ಲಿ ನಡೆಯುತ್ತದೆ? ಕಾಲನಿಯ ಅಕ್ಕನ ಮನೆಯಲ್ಲಿ ಎಷ್ಟು ಸಭೆ ನಡೆದಿದೆ, ಅಲ್ಲಿ ಎಷ್ಟು ಮಂದಿ ಚಹಾ ಕುಡಿದಿದ್ದೇವೆ? ಕೊರಗ ಸಮುದಾಯದವರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಮ್ಮ ರಾಜ್ಯ 2000ದ ಕಾಯ್ದೆಯಿಂದ ನಿಷೇಧಿಸಿತು. ಕಾಯ್ದೆ ಬಂದು ಇಷ್ಟು ವರ್ಷವಾದರೂ ನಮ್ಮ ಎಷ್ಟು ಸಂಘಗಳಲ್ಲಿ ಕೊರಗ ಹೆಣ್ಣುಮಗಳೊಬ್ಬಳು ನಮ್ಮ ಪಕ್ಕದಲ್ಲಿ ಕುಳಿತು ಕಂತು ಕಟ್ಟುತ್ತಿದ್ದಾಳೆ? ಕಂತು ತಪ್ಪಿದವಳನ್ನು ನಾವೇ ಮನೆ ಬಾಗಿಲಿಗೆ ಹೋಗಿ ನಾಚಿಸಿಲ್ಲವೇ? ಶಂಕರನನ್ನೂ ನಾರಾಯಣನನ್ನೂ ಒಂದೇ ಹೆಸರಿನಲ್ಲಿ ಕಟ್ಟಿದ ಊರು ನಮ್ಮದು. ದೇವರನ್ನು ಒಟ್ಟು ಕೂರಿಸಿದವರಿಗೆ ಮನುಷ್ಯರನ್ನು ಒಂದೇ ಚಾಪೆಯಲ್ಲಿ ಕೂರಿಸುವುದು ಇನ್ನೂ ಕಷ್ಟವಾಗಿದೆ.

ನಾವೇನು ಮಾಡಬಹುದು?

ಮೊದಲು ಕಾನೂನು ತಿಳಿದುಕೊಳ್ಳೋಣ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಆದರೆ ನೊಂದವರು ದೂರು ಕೊಡುವಾಗ ‘ನಾವು ಕೊಟ್ಟೆವು’ ಎಂದು ಹೇಳಿದ್ದಕ್ಕೆ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಈ ಭಯದಿಂದಲೇ ಬಾಯಿಮುಚ್ಚಿದ ತಾಯಂದಿರು ಎಷ್ಟೋ ಮಂದಿ. ಕೊಟ್ಟ ಹಣ, ಒಡವೆ ಯಾರ ಕೈಗೆ ಹೋಗಿದ್ದರೂ ಅದನ್ನು ಹೆಣ್ಣಿಗೇ ಒಪ್ಪಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ನಾವು 498-ಎ ಎಂದು ಕರೆಯುತ್ತಿದ್ದ ಕ್ರೌರ್ಯದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ವರದಕ್ಷಿಣೆ ಸಾವು 80ನೇ ಕಲಮಿನಲ್ಲಿದೆ. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯ ಪ್ರಕಾರ ಮನೆ ಯಾರ ಹೆಸರಿನಲ್ಲಿದ್ದರೂ ಆ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181. ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಲ್ಲೇ ಇದೆ.

ಎರಡನೆಯದು ಆಸ್ತಿ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಆಗಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಹೇಳಿತು. ಆದರೆ ನಡೆಯುತ್ತಿರುವುದೇನು? ಅಣ್ಣ ಕಾರು ತಂದು ತಂಗಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾನೆ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾನೆ, ಹೋಟೆಲಿನಲ್ಲಿ ಊಟ ಹಾಕಿಸಿ ವಾಪಸು ಬಿಡುತ್ತಾನೆ. “ಮದಿಗ್ ಕೊಟ್ಟದ್ದೇ ನಿನ್ ಪಾಲ್” ಎನ್ನುತ್ತಾನೆ. ಗೆಳತಿಯರೇ, ವರದಕ್ಷಿಣೆ ಪಾಲಲ್ಲ. ಪಾಲು ನಿಮ್ಮ ಹೆಸರಿನಲ್ಲಿರುತ್ತದೆ, ವರದಕ್ಷಿಣೆ ಇನ್ನೊಬ್ಬರ ಕೈಯಲ್ಲಿರುತ್ತದೆ. ಓದದೆ, ಕೇಳದೆ ಸಹಿ ಹಾಕಬೇಡಿ. ಮಗನ ತಾಯಂದಿರಾಗಿಯೂ ಇದನ್ನು ನೆನಪಿಡಿ. ನಿಮ್ಮ ಮಗಳಿಗೂ ಒಬ್ಬ ಅಣ್ಣನಿದ್ದಾನೆ.

ಮೂರನೆಯದು ನಮ್ಮ ಸಂಘದ ಪುಸ್ತಕ. ಸುಳ್ಳು ಹೆಸರಿನ ಸಾಲವನ್ನು ನಿಲ್ಲಿಸೋಣ. ಸಾಲ ನಿಲ್ಲಿಸಿದರೆ ಸಾಲದು. ಆಗ ಅವರು ಹೆಚ್ಚಿನ ಬಡ್ಡಿಗೆ ಬೇರೆ ಕಡೆ ಹೋಗುತ್ತಾರೆ. “ಟೀಚ್ರೇ, ಚಿನ್ನ ಹಾಕ್ದೆ ಕಳ್ಸಿರೆ ನನ್ ಮಗ್ಳಿಗ್ ಅಲ್ಲಿ ಬದ್ಕುಕ್ ಆತ್ತಾ?” ಎಂದು ಒಬ್ಬರು ಕೇಳಿದರು. ಚಿನ್ನ ಹಾಕಿ ಕಳಿಸಿದವಳಿಗೂ ಆಗಲಿಲ್ಲವಲ್ಲ ಎಂಬುದಷ್ಟೇ ಆಗ ನನಗೆ ತೋಚಿದ ಉತ್ತರ. ಅದು ಸಾಲದ ಉತ್ತರ. ಒಬ್ಬಳೇ ತಾಯಿಗೆ ಒಲ್ಲೆ ಎನ್ನುವ ಧೈರ್ಯ ಬರುವುದಿಲ್ಲ. ಹತ್ತು ಮನೆಯವರು ಒಟ್ಟಾಗಿ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದರೆ ಬರುತ್ತದೆ. ‘ತೆಗೆದುಕೊಳ್ಳುವುದಿಲ್ಲ’ ಎಂಬ ಮಾತು ಮೊದಲು ಬರಲಿ, ಗಂಡುಮಕ್ಕಳ ತಾಯಂದಿರಿಂದ.

ಆ ಸಂಘದಲ್ಲಿ ಏನಾಯಿತೆಂದು ನಿಮಗೆ ಹೇಳಬೇಕು. ಕಳೆದ ಮಳೆಗಾಲದಲ್ಲಿ ನಾನು ಸಭೆಯಲ್ಲಿ ಎದ್ದುನಿಂತು, ದನದ ಸಾಲ ಸುಳ್ಳೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಿದೆ. ತುಸು ಹೊತ್ತು ಯಾರೂ ಮಾತಾಡಲಿಲ್ಲ. ಮತ್ತೆ ಒಬ್ಬೊಬ್ಬರಾಗಿ ತಮ್ಮ ತಮ್ಮ ದನಗಳ ಕಥೆ ಹೇಳತೊಡಗಿದರು. ಒಬ್ಬರದು ಹೊಲಿಗೆ ಯಂತ್ರ, ಒಬ್ಬರದು ಬಾವಿಯ ಪಂಪು, ಒಬ್ಬರದು ಮನೆಯ ಮಾಡಿನ ರಿಪೇರಿ. ಯಾವುದೂ ಇರಲಿಲ್ಲ, ಎಲ್ಲ ಚಿನ್ನವಾಗಿತ್ತು. ಆ ದಿನ ನಿರ್ಣಯ ಪುಸ್ತಕದಲ್ಲಿ ಎರಡು ಸಾಲು ಬರೆದರು. ಆ ತಾಯಿಯ ಕಂತನ್ನು ಆರು ತಿಂಗಳು ಮುಂದೂಡುವುದು. ಮನೆಗೆ ಮರಳುವ ಹೆಣ್ಣುಮಗಳ ಖರ್ಚಿಗೆ ಬಡ್ಡಿಯಿಲ್ಲದ ಒಂದು ನಿಧಿ ಇಡುವುದು. ತಾಯಿ ಅಲ್ಲೇ ಮಗಳಿಗೆ ಫೋನು ಮಾಡಿ “ಬಾ ಮಗಾ” ಎಂದರು. ಹುಡುಗಿ ಈಗ ತಾಯಿಯ ಮನೆಯಲ್ಲಿದ್ದಾಳೆ. ಅವಳ ಅರ್ಜಿ ನ್ಯಾಯಾಲಯದಲ್ಲಿದೆ. ಚಿನ್ನ ಇನ್ನೂ ವಾಪಸು ಬಂದಿಲ್ಲ. ಸಾಲವೂ ಮುಗಿದಿಲ್ಲ.

ಗೆಲುವಾಯಿತೆಂದು ಹೇಳಲು ನನಗೆ ಧೈರ್ಯವಿಲ್ಲ. ಏಣಿ ಅಲ್ಲೇ ನಿಂತಿದೆ. ಆದರೆ ಒಂದು ಬಾಗಿಲನ್ನು ಹತ್ತು ಹೆಂಗಸರು ಕೈಯಾರೆ ತೆರೆದರು. ನಿಮ್ಮ ಸಂಘದ ಪುಸ್ತಕವನ್ನೂ ಮುಂದಿನ ಸಭೆಯಲ್ಲಿ ಒಮ್ಮೆ ಬಿಚ್ಚಿ ನೋಡಿ. ಅಲ್ಲಿ ಎಷ್ಟು ದನಗಳಿವೆ, ಅವುಗಳಲ್ಲಿ ಹಟ್ಟಿಯಲ್ಲಿರುವವು ಎಷ್ಟು? ಲೆಕ್ಕ ಸಿಕ್ಕಿದ ಮೇಲೆ ನಮಗೆ ಬರೆಯಿರಿ. ಬರೆಯಲು ಬಾರದಿದ್ದರೆ ಮಗಳ ಕೈಯಲ್ಲಿ ಬರೆಸಿ. ಅವಳಿಗೂ ಆ ಲೆಕ್ಕ ತಿಳಿಯಲಿ.